“ರೆಸ್ಟ್ ಅಂದ್ರೆ ಅದೂ ಸೇರುತ್ತಾ?”

ಈ ವಾರ 9ನೇ ತಾರೀಖು, ತಾಲ್ಲೂಕು ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆಯ ದಿನ. ತಾಯಿ ಕಾರ್ಡಿನೊಳಗೆ ಮಡಚಿಟ್ಟಿದ್ದ ಸ್ಕ್ಯಾನ್ ರಿಪೋರ್ಟು ಬಿಚ್ಚಿ, ಮೂಲೆಯಲ್ಲಿ ನೀಲಿ ಇಂಕಿನಲ್ಲಿ ಗೀಚಿದ್ದ ಒಂದೇ ಒಂದು ಪದದ ಮೇಲೆ ಬೆರಳಿಟ್ಟು ಆಕೆ ಕೇಳಿದಳು: “ರೆಸ್ಟ್ ಅಂದ್ರೆ... ಅದೂ ಸೇರುತ್ತಾ ಮೇಡಂ?”

ಚೊಚ್ಚಲು ಬಸುರಿ, 21 ವಾರ. ಬೇರೆ ಕಡೆ ಮಾಡಿಸಿದ ಸ್ಕ್ಯಾನಿನಲ್ಲಿ ಮಾಸು (ಪ್ಲಾಸೆಂಟಾ) ಕೆಳಗಿದೆ ಎಂದು ಗೊತ್ತಾಗಿ, ಅಲ್ಲಿಯೇ ‘ರೆಸ್ಟ್’ ಎಂದು ಬರೆದು ಕಳಿಸಿದ್ದರು. ಮನೆಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಅತ್ತೆ ಬಿಂದಿಗೆ ಎತ್ತಲು ಬಿಟ್ಟಿಲ್ಲ, ಕಸ ಗುಡಿಸಲು ಬಿಟ್ಟಿಲ್ಲ. ಗಂಡನೇ ಬಟ್ಟೆ ಒಗೆದಿದ್ದಾನೆ. ಭಾನುವಾರ ರಾತ್ರಿ ಇಬ್ಬರೂ ಸೇರಿದ್ದಾರೆ, ಸೋಮವಾರ ಬೆಳಿಗ್ಗೆ ಲಂಗದ ಮೇಲೆ ಐದು ರೂಪಾಯಿ ನಾಣ್ಯದಷ್ಟು ಕೆಂಪು. ಅತ್ತೆಗೆ ವಿಷಯ ಗೊತ್ತಾಗಿದ್ದೇ ಮಗನ ಹಾಸಿಗೆ ನಡುಮನೆಗೆ ಬಂತು. ಮಂಗಳವಾರ ಆಸ್ಪತ್ರೆಗೆ ಬಂದಾಗ ಅವನು ಒಳಗೆ ಬರದೆ ಕಿಟಕಿ ಪಕ್ಕದಲ್ಲೇ ನಿಂತಿದ್ದ.

“ಗಂಡಸರಿಗೆ ತಡೆಯೋಕಾಗಲ್ಲ ಬಿಡಿ” ಎಂದು ಪಕ್ಕದಲ್ಲಿದ್ದವರೊಬ್ಬರು ಅಂದರು. ಆ ಮಾತು ಸರಿಯಲ್ಲ. ಹೆಂಡತಿಯ ಬಟ್ಟೆ ಒಗೆದವನಿಗೆ ‘ಇದೂ ಬೇಡ’ ಎಂದು ಯಾರಾದರೂ ಹೇಳಿದ್ದರೆ ಅದನ್ನೂ ಪಾಲಿಸುತ್ತಿದ್ದ. ತಪ್ಪು, ಆ ಒಂದು ಪದ ಬರೆದು ಸುಮ್ಮನಾದವರದು. ರೋಗಿಗಳ ಸಾಲು ಉದ್ದ ಇರುತ್ತದೆ, ಒಪ್ಪೋಣ. ಆದರೆ ‘ಮುಂದಿನ ಸ್ಕ್ಯಾನ್ ತನಕ ಗಂಡ ಹೆಂಡತಿ ಸೇರಬೇಡಿ’ ಎನ್ನಲು ಐದು ಸೆಕೆಂಡು ಸಾಕು.

ಮಾಸಿನ ಅಂಚು ಗರ್ಭಕೋಶದ ಬಾಯಿಯಿಂದ 12 ಮಿಲಿಮೀಟರ್ ದೂರದಲ್ಲಿದೆ ಎಂದು ಆಕೆಯ ರಿಪೋರ್ಟು ಹೇಳುತ್ತಿತ್ತು. 20 ಮಿಲಿಮೀಟರಿಗಿಂತ ಹತ್ತಿರ ಇದ್ದರೆ ‘ಕೆಳಗಿದೆ’ ಎನ್ನುತ್ತಾರೆ, ಬಾಯಿಯನ್ನೇ ಮುಚ್ಚಿದ್ದರೆ ಇನ್ನೂ ಗಂಭೀರ. ಗರ್ಭಕೋಶದ ಕೆಳಭಾಗ ಹಿಗ್ಗುತ್ತಾ ಹೋದಂತೆ ಅಲ್ಲಿ ಅಂಟಿಕೊಂಡ ಮಾಸಿನ ಅಂಚು ಸ್ವಲ್ಪ ಬಿಟ್ಟುಕೊಂಡರೂ ರಕ್ತ ಜಿನುಗುತ್ತದೆ. ಆ ಜಾಗಕ್ಕೆ ಒತ್ತಡ ಬಿದ್ದರೆ ಅಥವಾ ಗರ್ಭಕೋಶ ಬಿಗಿಹಿಡಿದರೆ ಜಾಸ್ತಿಯಾಗಬಹುದು. ಅದಕ್ಕೇ ಇಂಥವರಿಗೆ ಯೋನಿಯೊಳಗೆ ಏನೂ ಹೋಗಬಾರದು, ಬೆರಳು ಕೂಡ. ಪರಾಕಾಷ್ಠೆಯಲ್ಲಿ ಗರ್ಭಕೋಶ ಬಿಗಿಯುವುದರಿಂದ ಅದನ್ನೂ ಸದ್ಯಕ್ಕೆ ಬಿಡುವುದು ಒಳ್ಳೆಯದು. 20ನೇ ವಾರದ ಆಸುಪಾಸಿನಲ್ಲಿ ಕೆಳಗೆ ಕಂಡ ಮಾಸು ಗರ್ಭಕೋಶ ಬೆಳೆದಂತೆ ಬಹುತೇಕರಲ್ಲಿ ಮೇಲಕ್ಕೆ ಸರಿಯುತ್ತದೆ. 32ನೇ ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿ, ಮೇಲೆ ಹೋಗಿದ್ದರೆ ನಿರ್ಬಂಧ ತೆಗೆಯಬಹುದು. ಇದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ, ಹೆರಿಗೆ ತನಕ ಹೀಗೇ ಎಂದುಕೊಂಡಿದ್ದರು.

ಕಾರ್ಡಿನಲ್ಲಿ ಇನ್ನೊಂದು ವಿಷಯವಿತ್ತು. ಆಕೆಯ ರಕ್ತದ ಗುಂಪು ಬಿ ನೆಗೆಟಿವ್, ಗಂಡನದು ಓ ಪಾಸಿಟಿವ್. ಇಂಥ ಜೋಡಿಯಲ್ಲಿ ಈ ಹಂತದ ಬಸುರಿಗೆ ರಕ್ತ ಕಂಡರೆ, ಎಷ್ಟೇ ಕಡಿಮೆ ಇರಲಿ, 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೀಳಬೇಕು. ಮಗುವಿನ ರಕ್ತಕಣ ತಾಯಿಗೆ ಸೇರಿ ಆಕೆಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿಬಿಟ್ಟರೆ ಪೆಟ್ಟು ಹೆಚ್ಚಾಗಿ ಬೀಳುವುದು ಮುಂದಿನ ಮಗುವಿಗೆ. ನಾಚಿಕೆಯಿಂದ ಗುರುವಾರದ ತನಕ ಸುಮ್ಮನಿದ್ದಿದ್ದರೆ ಆ ಸಮಯ ಮೀರುತ್ತಿತ್ತು.

“ಅದೂ ಸೇರುತ್ತಾ?” ಆ ‘ಅದು’ ಹೇಳುವಾಗ ಆಕೆಯ ದನಿ ಎಷ್ಟು ಇಳಿದಿತ್ತೆಂದರೆ ಎರಡನೇ ಸಲ ಕೇಳಿಸಿಕೊಳ್ಳಬೇಕಾಯಿತು.

ಅದೇ ದಿನ ಅದೇ ‘ಅದು’ ಇನ್ನೊಬ್ಬಳ ಬಾಯಲ್ಲಿ ತಿರುಗುಮುರುಗಾಗಿ ಬಂತು. 28 ವಾರ, ಎಲ್ಲವೂ ಸರಿಯಾಗಿದೆ, ಮಾಸು ಮೇಲಿದೆ. ಆದರೂ ಪರೀಕ್ಷೆಯಲ್ಲಿ ಎರಡು ಗೆರೆ ಬಂದ ದಿನದಿಂದ ಗಂಡ ಹತ್ತಿರ ಸುಳಿದಿಲ್ಲ. ಹಿಂದಿನ ಗರ್ಭ 9 ವಾರಕ್ಕೆ ಇಳಿದುಹೋಗಿತ್ತಂತೆ. ‘ಸೇರಿದ್ದಕ್ಕೇ ಹೋಯಿತು’ ಎಂದು ಮನೆಯಲ್ಲಿ ಯಾರೋ ಅಂದಿದ್ದು ಇಬ್ಬರ ಎದೆಯಲ್ಲೂ ಕೂತಿದೆ. ಮೊದಲ ಮೂರು ತಿಂಗಳಲ್ಲಿ ಇಳಿದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಏರುಪೇರು. ಅದು ಗರ್ಭ ಕಟ್ಟುವ ಹೊತ್ತಿಗೇ ನಿರ್ಧಾರವಾಗಿರುತ್ತದೆ. ಆಕೆ ಇದನ್ನು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಸುಳ್ಳು ಆ ಗಂಡ ಹೆಂಡತಿಯನ್ನು ಐದು ತಿಂಗಳಿಗೂ ಹೆಚ್ಚು ದೂರ ಇಟ್ಟಿತ್ತು.

ತೊಂದರೆ ಇಲ್ಲದ ಗರ್ಭದಲ್ಲಿ ಸೇರುವುದರಿಂದ ಮಗುವಿಗೆ ತಾಗುವುದಿಲ್ಲ. ಮಗು ನೀರಿನ ಚೀಲದೊಳಗಿದೆ, ಅದರ ಸುತ್ತ ಗರ್ಭಕೋಶದ ದಪ್ಪ ಸ್ನಾಯು, ಕೆಳಗೆ ಸುಮಾರು ಮೂರರಿಂದ ನಾಲ್ಕು ಸೆಂಟಿಮೀಟರ್ ಉದ್ದದ ಮುಚ್ಚಿದ ಗರ್ಭಕೊರಳು, ಅದಕ್ಕೆ ಬಿರಡೆಯಂತೆ ಗಟ್ಟಿ ಲೋಳೆ. ಲಿಂಗ ಮಗುವಿನ ತನಕ ಹೋಗುವುದೇ ಇಲ್ಲ. ಆಮೇಲೆ ಹೊಟ್ಟೆ ಸ್ವಲ್ಪ ಗಟ್ಟಿಯಾಗಬಹುದು. ಎಡಮಗ್ಗುಲಿಗೆ ಮಲಗಿ, ನೀರು ಕುಡಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಒಂದು ಗಂಟೆ ಕಳೆದರೂ ನಿಲ್ಲದೆ, ಅಲೆಅಲೆಯಾಗಿ ಬರುತ್ತಿದ್ದರೆ ಆಸ್ಪತ್ರೆಗೆ ಹೋಗಬೇಕು.

20 ವಾರ ದಾಟಿದ ಮೇಲೆ ಬಸುರಿ ಅಂಗಾತ ಮಲಗಿದರೆ ಹೊಟ್ಟೆಯ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ತಲೆ ಸುತ್ತು, ಬೆವರು ಬರುವುದು ಅದಕ್ಕೇ. ಮಗ್ಗುಲಾಗಿ ಮಲಗಿ, ಹೊಟ್ಟೆಯ ಕೆಳಗೆ, ಮೊಣಕಾಲ ನಡುವೆ ದಿಂಬಿಟ್ಟು, ಗಂಡ ಬೆನ್ನ ಹಿಂದಿದ್ದರೆ ಸುಲಭ. ಹೆಣ್ಣು ಮೇಲಿದ್ದರೆ ಎಷ್ಟು ಆಳ, ಎಷ್ಟು ವೇಗ ಎನ್ನುವುದು ಅವಳ ಕೈಯಲ್ಲಿರುತ್ತದೆ. ಒಣಗಿದಂತಾದರೆ ನೀರಿನಂಶದ ಜಾರುಜೆಲ್ ಬಳಸಬೇಕು. ಕೊಬ್ಬರಿ ಎಣ್ಣೆ ಹಚ್ಚಿದರೆ ರಬ್ಬರ್ ಕಾಂಡೋಮ್ ಹರಿಯಬಹುದು. ಬಸುರಾದ ಮೇಲೆ ಕಾಂಡೋಮ್ ಯಾಕೆ ಎನ್ನುವವರು ತುಂಬಾ ಜನ. ಗಂಡನಿಗೆ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಜನನಾಂಗದ ಹರ್ಪಿಸ್ ಇದ್ದರೆ ಅಥವಾ ಆ ಅನುಮಾನ ಇದ್ದರೆ ಕಾಂಡೋಮ್ ಬೇಕೇ ಬೇಕು. ಹರ್ಪಿಸ್ ಗುಳ್ಳೆ ಎದ್ದಿರುವಾಗ ಸೇರಲೇಬಾರದು. ಬಾಯಿಂದ ಸುಖ ಕೊಡುವಾಗ ಯೋನಿಯೊಳಗೆ ಗಾಳಿ ಊದಬಾರದು. ಅಪರೂಪವಾದರೂ ಆ ಗಾಳಿ ರಕ್ತನಾಳಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಮುಗಿದ ಮೇಲೆ ಮೂತ್ರ ಮಾಡಿ ಬರುವ ಅಭ್ಯಾಸ ಒಳ್ಳೆಯದು, ಬಸುರಿನಲ್ಲಿ ಉರಿಮೂತ್ರ ಬೇಗ ಅಂಟುತ್ತದೆ.

ರಕ್ತ ಕಂಡವರು, ನೀರು ಹೋಗುತ್ತಿರುವವರು, ಅವಧಿಗೆ ಮೊದಲೇ ನೋವು ಕಾಣಿಸಿಕೊಂಡವರು, ಗರ್ಭಕೊರಳು 25 ಮಿಲಿಮೀಟರಿಗಿಂತ ಗಿಡ್ಡವಾಗಿರುವವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಸೇರಬಾರದು. ಎಲ್ಲವೂ ಸರಿಯಿದ್ದವರಿಗೂ ಗರ್ಭಕೊರಳಿಗೆ ರಕ್ತಸಂಚಾರ ಹೆಚ್ಚಿರುವುದರಿಂದ ಒಮ್ಮೊಮ್ಮೆ ಒಂದೆರಡು ಹನಿ ಕಾಣಬಹುದು. ಅದನ್ನೂ ಮುಚ್ಚಿಡದೆ ತೋರಿಸಬೇಕು.

ಇದೆಲ್ಲದಕ್ಕೂ ಮೊದಲು ಅವಳಿಗೆ ಮನಸ್ಸಿರಬೇಕು. ವಾಂತಿ, ಮೊಲೆನೋವು, ಸುಸ್ತಿನ ಮೊದಲ ತಿಂಗಳುಗಳಲ್ಲಿ ಹಲವರಿಗೆ ಗಂಡನ ವಾಸನೆಯೂ ಆಗುವುದಿಲ್ಲ. ನಡುವಿನ ತಿಂಗಳುಗಳಲ್ಲಿ ಆಸೆ ಮರಳಬಹುದು, ಮರಳದೆಯೂ ಇರಬಹುದು. ‘ಬೇಡ’ ಎಂದರೆ ಅದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ.

ಆ ಮೊದಲ ಹೆಣ್ಣುಮಗಳಿಗೆ ರಕ್ತ ನಿಂತಿತ್ತು, ಗರ್ಭಕೋಶದ ಬಾಯಿ ತೆರೆದುಕೊಂಡಿರಲಿಲ್ಲ, ಮಗುವಿನ ಎದೆಬಡಿತ ಚೆನ್ನಾಗಿತ್ತು. ಇಂಜೆಕ್ಷನ್ ಕೊಟ್ಟಾಯಿತು. ಗಂಡನನ್ನು ಒಳಗೆ ಕರೆಸಿ, ಅವನ ಎದುರಿಗೇ ‘ರೆಸ್ಟ್’ ಪದದ ಕೆಳಗೆ ಕನ್ನಡದಲ್ಲಿ ಬರೆಯಲಾಯಿತು: “32ನೇ ವಾರದ ಸ್ಕ್ಯಾನ್ ತನಕ ಗಂಡ ಹೆಂಡತಿ ಸೇರುವಂತಿಲ್ಲ. ಮನೆಗೆಲಸ ಸಣ್ಣಪುಟ್ಟದ್ದು ಮಾಡಬಹುದು. ಮತ್ತೆ ರಕ್ತ ಕಂಡರೆ, ಅರ್ಧರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.”

ಅವನು ಎರಡು ಸಲ ಓದಿಕೊಂಡ. “ಪಕ್ಕದಲ್ಲಿ ಮಲಗಬಹುದು ಅಲ್ವಾ ಮೇಡಂ?”

“ಮಲಗಿ. ತಬ್ಬಿಕೊಂಡೇ ಮಲಗಿ.”

“ಮಲಗಬಹುದು ಅಂತ ಅದನ್ನೂ ಬರ್ಕೊಡಿ” ಎಂದು ಕಾರ್ಡು ಮತ್ತೆ ಮುಂದಕ್ಕೆ ಹಿಡಿದ. “ನಮ್ಮಮ್ಮ ಓದ್ತಾರೆ.”