ರ‍್ಯಾಂಕ್ ಛಲೋ ಬಂದಿದೆ, ಯಾವ್ಯಾವ ಕಾಲೇಜು ಹಾಕಬೇಕು?

ಸಿಇಟಿ ಫಲಿತಾಂಶ ಬಂದ ಮೇಲೆ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಸರ್, ನಮ್ಮ ಹುಡುಗಿಗೆ ಛಲೋ ರ‍್ಯಾಂಕ್ ಬಂದೈತ್ರಿ. ಯಾವ್ಯಾವ ಕಾಲೇಜ್ ಹಾಕೂಣ್ರಿ?" ನಾನು ಬಾಗಲಕೋಟೆಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಕೇಳುವವರಲ್ಲಿ ಜಾಸ್ತಿ ಮಂದಿ ಪಟ್ಟಿಯನ್ನು ಮೊದಲೇ ಮಾಡಿಕೊಂಡಿರುತ್ತಾರೆ. ಆರ್‌ವಿ, ಬಿಎಂಎಸ್, ರಾಮಯ್ಯ, ಪಿಇಎಸ್. ನಾಲ್ಕೂ ಬೆಂಗಳೂರಿನವು, ನಾಲ್ಕರಲ್ಲೂ ಕಂಪ್ಯೂಟರ್ ಸೈನ್ಸ್. ಐದನೆಯದು ಯಾವುದು ಅಂತ ಕೇಳಿದರೆ, "ಅಷ್ಟ ಸಾಕಲ್ರಿ ಸರ್, ಹುಡುಗಿ ಭಾಳ ಶಾಣ್ಯಾ ಅದಾಳ" ಅನ್ನುತ್ತಾರೆ.

ನನ್ನ ಉತ್ತರ ಇಷ್ಟು. ಪಟ್ಟಿಯ ಮೇಲಿನ ನಾಲ್ಕು ಹೆಸರಿಗೆ ಯಾರ ಸಲಹೆಯೂ ಬೇಕಿಲ್ಲ, ಅವು ಎಲ್ಲರಿಗೂ ಗೊತ್ತು. ನಿಮ್ಮ ಸಮಯ, ಓಡಾಟ, ವಿಚಾರಣೆ ಎಲ್ಲ ಕೆಳಗಿನ ಹೆಸರುಗಳಿಗೆ ಇರಲಿ. ಆ ನಾಲ್ಕು ಸಿಗದಿದ್ದರೆ ಮಗಳು ಎಲ್ಲಿ ಖುಷಿಯಿಂದ ಓದುತ್ತಾಳೆ ಅನ್ನುವುದನ್ನು ಮನೆಯವರೇ ಕೂತು ಹುಡುಕಬೇಕು. ಶಾಣ್ಯಾ ಮಕ್ಕಳ ಮನೆಯಲ್ಲೇ ಈ ಕೆಲಸ ಬಿಟ್ಟುಹೋಗುತ್ತದೆ. ಸಾಧಾರಣ ರ‍್ಯಾಂಕಿನ ಮಕ್ಕಳ ಅಪ್ಪ-ಅವ್ವ ಹತ್ತಾರು ಕಾಲೇಜು ವಿಚಾರಿಸಿರುತ್ತಾರೆ.

ಮೊದಲು ರ‍್ಯಾಂಕ್ ಹೇಗೆ ಬರುತ್ತದೆ ನೋಡಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಬ್ಬಳಿಗೆ ಪಿಯುಸಿಯ ಈ ಮೂರು ವಿಷಯಗಳಲ್ಲಿ 300ಕ್ಕೆ 294, ಸಿಇಟಿಯಲ್ಲಿ 180ಕ್ಕೆ 90 ಬಂದಿದೆ ಅಂದುಕೊಳ್ಳಿ. 49 ಮತ್ತು 25 ಸೇರಿ 74. ಇನ್ನೊಬ್ಬನಿಗೆ ಪಿಯುಸಿಯಲ್ಲಿ 270, ಸಿಇಟಿಯಲ್ಲಿ 135. 45 ಮತ್ತು 37.5 ಸೇರಿ 82.5. ಊರಲ್ಲಿ ಬ್ಯಾನರ್ ಹಾಕಿಸಿಕೊಂಡವಳು ಆಕೆ, ರ‍್ಯಾಂಕಿನಲ್ಲಿ ಎಷ್ಟೋ ಸಾವಿರ ಮುಂದೆ ಇರುವವನು ಆತ. ಅದಕ್ಕೇ 98 ಪರ್ಸೆಂಟ್ ಹಿಡಿದುಕೊಂಡು ಕಾಲೇಜು ಹುಡುಕಬೇಡಿ. ರ‍್ಯಾಂಕ್ ಹಿಡಿದುಕೊಂಡು ಹುಡುಕಿ.

ಹಾಗಂತ ರ‍್ಯಾಂಕ್ ನೋಡಿ ಎದೆಗುಂದುವುದೂ ಬೇಡ. ಈಚಿನ ವರ್ಷಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಇಂಜಿನಿಯರಿಂಗ್ ರ‍್ಯಾಂಕ್ ಕೊಡುತ್ತಿದ್ದಾರೆ. ಅದರಲ್ಲಿ 10,000 ಬಂದರೆ ನೂರಕ್ಕೆ ಐದು ಮಕ್ಕಳ ಸಾಲಿನಲ್ಲಿ ಇದ್ದ ಹಾಗೆ. ಅದು ನಿಜವಾಗಿಯೂ ಒಳ್ಳೆಯ ರ‍್ಯಾಂಕ್. ಆದರೆ ಆರ್‌ವಿಯ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಾಮಾನ್ಯ ವರ್ಗದ ಸೀಟುಗಳು 1,000 ತಲುಪುವ ಮೊದಲೇ ಮುಗಿದಿರುತ್ತವೆ. ಎರಡೂ ಮಾತು ಒಟ್ಟಿಗೇ ನಿಜ.

ಇನ್ನು ಕಟಾಫ್. ಒಂದು ಕಾಲೇಜಿನ ಒಂದು ಬ್ರಾಂಚಿನಲ್ಲಿ, ಒಂದು ವರ್ಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತೋ ಅದೇ ಕಟಾಫ್. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷಗಳ ಕಟಾಫ್ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಮೂರು ವರ್ಷದ್ದು ತೆಗೆದಿಟ್ಟುಕೊಳ್ಳಿ. ಸೀಟು ಹಂಚಿಕೆ ಹಲವು ಸುತ್ತುಗಳಲ್ಲಿ ನಡೆಯುತ್ತದೆ, ಮೊದಲ ಸುತ್ತಿನದನ್ನೇ ನೋಡಿ, ಕೊನೆಯ ಸುತ್ತಿನ ಪಟ್ಟಿ ಸುಮ್ನೆ ಆಸೆ ಹುಟ್ಟಿಸುತ್ತದೆ. ನಿಮ್ಮ ವರ್ಗದ ಕಾಲಮ್ಮನ್ನೂ ಸಾಮಾನ್ಯ ವರ್ಗದ ಕಾಲಮ್ಮನ್ನೂ ಎರಡನ್ನೂ ನೋಡಿ.

ನಿಮ್ಮ ರ‍್ಯಾಂಕ್ 10,000 ಆಗಿದ್ದರೆ ನಾನು ಹೀಗೆ ಲೆಕ್ಕ ಹಾಕುತ್ತೇನೆ. ಕಟಾಫ್ 7,000ದೊಳಗೆ ನಿಂತಿದ್ದರೆ ಅದು ಆಸೆಯ ಕಾಲೇಜು. 8,000ದಿಂದ 14,000ದ ನಡುವೆ ಆಡುತ್ತಿದ್ದರೆ ಅದು ನಮ್ಮ ಮಟ್ಟದ್ದು, ಸಿಗಬಹುದು, ಸಿಗದೆಯೂ ಹೋಗಬಹುದು. ಮೂರು ವರ್ಷವೂ 20,000 ದಾಟಿದ್ದರೆ ಅದನ್ನು ಖಾತ್ರಿ ಅನ್ನಬಹುದು. ಖಾತ್ರಿಗೆ ಇಷ್ಟು ದೂರ ಯಾಕೆ ಅಂದರೆ ಕಟಾಫ್ ಪ್ರತಿ ವರ್ಷ ಜರುಗುತ್ತದೆ. ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ 2024-25ರಿಂದ ಒಳ್ಳೆಯ ಕಾಲೇಜುಗಳಿಗೆ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿಯನ್ನು ತೆಗೆದಿದೆ. ಕಂಪ್ಯೂಟರ್ ಸೀಟು ಹೆಚ್ಚಾದಾಗ ಅದರ ಕಟಾಫ್ ಸಡಿಲವಾಗುತ್ತದೆ, ಬೇರೆ ಬ್ರಾಂಚುಗಳ ಲೆಕ್ಕವೂ ಅದರ ಜೊತೆ ಏರುಪೇರಾಗುತ್ತದೆ.

ಈಗ ಖಾತ್ರಿ ಕಾಲೇಜಿನ ಮಾತಿಗೆ ಬರುತ್ತೇನೆ. ಕಟಾಫ್ ದೊಡ್ಡದಿದೆ ಅಂತ ಯಾವುದೋ ನಾಲ್ಕು ಹೆಸರು ತುಂಬಿಸಿದರೆ ಅದು ಖಾತ್ರಿ ಆಗುವುದಿಲ್ಲ. ಸೀಟು ಸಿಕ್ಕ ದಿನ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲದಿದ್ದರೆ ಆ ಸೀಟು ಇದ್ದೂ ಇಲ್ಲದ ಹಾಗೆ. ಆಮೇಲೆ ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಅಡವಿಡುವ ಮಾತು ಶುರುವಾಗುತ್ತದೆ. ಅದನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ. ಎರಡು ವಾರ ಮೊದಲು ಒಂದು ಬಸ್ ಹತ್ತಿ ಹೋಗಿ ನೋಡಿ ಬಂದಿದ್ದರೆ ಎಷ್ಟೋ ಮನೆಗಳಲ್ಲಿ ಆ ಮಾತೇ ಬರುತ್ತಿರಲಿಲ್ಲ.

ನಮ್ಮ ಸುತ್ತಲೇ ಏನಿದೆ ನೋಡಿ. ಬಾಗಲಕೋಟೆ ವಿದ್ಯಾಗಿರಿಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರದು. ಆರ್‌ವಿ ಶುರುವಾದದ್ದೂ ಅದೇ ವರ್ಷ. ಬೆಳಗಾವಿ ಉದ್ಯಮಬಾಗದಲ್ಲಿ 1979ರ ಗೋಗಟೆ ಕಾಲೇಜು ಇದೆ, ವಿಜಯಪುರದಲ್ಲಿ 1980ರಿಂದ ಬಿಎಲ್‌ಡಿಇಯ ಹಳಕಟ್ಟಿ ಕಾಲೇಜು ಇದೆ. ಸ್ವಲ್ಪ ಆಚೆ ಹೋದರೆ ಹುಬ್ಬಳ್ಳಿಯಲ್ಲಿ 1947ರ ಬಿವಿಬಿ, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಎಸ್‌ಡಿಎಂ. 10,000ದ ಆಸುಪಾಸಿನ ರ‍್ಯಾಂಕಿನವರಿಗೆ ಇವುಗಳಲ್ಲಿ ಕೆಲವು ಬ್ರಾಂಚುಗಳು ಮಟ್ಟದವು, ಕೆಲವು ಖಾತ್ರಿ. ಬೆಂಗಳೂರಿನ ಹೊರವಲಯದಲ್ಲಿ ಈಚೆಗೆ ಎದ್ದ, ಹೆಸರೂ ನೆನಪಿರದ ಕಾಲೇಜಿಗಿಂತ ನಾನು ಇವುಗಳನ್ನು ಮೇಲೆ ಇಡುತ್ತೇನೆ. ನೆರೆಹೊರೆಯವರಿಗೆ "ಬೆಂಗಳೂರಾಗ ಓದಾಕತ್ತಾಳ" ಅಂತ ಹೇಳಿಕೊಳ್ಳಲು ಮಾತ್ರ ಆಗುವ ಸೀಟು ಮಗಳಿಗೆ ಏನು ಕೊಡುತ್ತದೆ?

ಬ್ರಾಂಚಿನ ಬಗ್ಗೆಯೂ ಸ್ವಲ್ಪ ಮನಸ್ಸು ಬಿಚ್ಚಿ ಯೋಚಿಸಿ. ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ಮಷಿನ್ ಶಾಪ್‌ಗಳಿವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳಿವೆ. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಸ್ಥಾವರ ಇದೆ. ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಊಟ ಮರೆಯುವ ಹುಡುಗನಿಗೆ ಗೋಗಟೆಯ ಮೆಕ್ಯಾನಿಕಲ್ ಕೊಡಿಸದೆ, ಎಲ್ಲಾದರೂ ಆಗಲಿ ಕಂಪ್ಯೂಟರೇ ಬೇಕು ಅನ್ನುವುದು ಸರಿಯಲ್ಲ.

ಕಾಲೇಜು ನೋಡಲು ಹೋದರೆ ಕೆಲಸದ ದಿನವೇ ಹೋಗಿ. ಲ್ಯಾಬಿನಲ್ಲಿ ಮಕ್ಕಳು ಇದ್ದಾರಾ ನೋಡಿ. ಗುಣಮಟ್ಟ ನೋಡಿ ಕೊಡುವ ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಸಿಗುವಂಥದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ ಬೇರೆ ಬೇರೆ. ಹಾಗಾಗಿ ನಿಮಗೆ ಬೇಕಾದ ಬ್ರಾಂಚಿಗೆ ಎನ್‌ಬಿಎ ಇದೆಯಾ ಅಂತಲೇ ಕೇಳಿ. ಪ್ಲೇಸ್‌ಮೆಂಟ್ ವಿಚಾರದಲ್ಲಿ ಬೋರ್ಡಿನ ಮೇಲೆ ಬರೆದ ಅತಿ ದೊಡ್ಡ ಪ್ಯಾಕೇಜ್ ಬಿಟ್ಟುಬಿಡಿ, ಅದು ಒಬ್ಬರಿಗೆ ಬಂದದ್ದು. ಆ ಬ್ರಾಂಚಿನಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಾಲಿನ ನಡುವೆ ನಿಂತ ಹುಡುಗನ ಸಂಬಳ ಎಷ್ಟು, ಇದನ್ನು ಕೇಳಿ. ಒಬ್ಬನಿಗೇ ಮೂರು ಆಫರ್ ಬಂದರೆ ಮೂರು ಅಂತ ಎಣಿಸುವವರೂ ಇದ್ದಾರೆ. ಎಲ್ಲಕ್ಕಿಂತ ಕ್ಯಾಂಟೀನಿನಲ್ಲಿ ಮೂರನೇ ವರ್ಷದ ಮಕ್ಕಳ ಜೊತೆ ಅರ್ಧ ತಾಸು ಕೂತರೆ ಜಾಸ್ತಿ ತಿಳಿಯುತ್ತದೆ. ಅಪ್ಪ ಸ್ವಲ್ಪ ದೂರ ಕೂತರೆ ಇನ್ನೂ ಒಳ್ಳೆಯದು.

"ಕೆಳಗಿನ ಕಾಲೇಜ್ ಬರದ್ರ ಅದನ್ನ ಕೊಟ್ಟುಬಿಡ್ತಾರಲ್ರಿ?" ಈ ಹೆದರಿಕೆ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಒಂದೊಂದಾಗಿ ನೋಡುತ್ತಾ ಬರುತ್ತಾರೆ. ಖಾಲಿ ಇರುವ ಮೊದಲ ಆಯ್ಕೆ ನಿಮ್ಮದು. ಮೇಲಿನದು ಯಾವುದೂ ಇಲ್ಲದಾಗ ಮಾತ್ರ ಕೆಳಗಿನದಕ್ಕೆ ಬರುತ್ತಾರೆ. ಆಸೆಯ ಕಾಲೇಜನ್ನು ಮೊದಲು ಬರೆದರೆ ನಷ್ಟವಿಲ್ಲ, ಖಾತ್ರಿಯದನ್ನು ಕೊನೆಗೆ ಬರೆದರೂ ನಷ್ಟವಿಲ್ಲ. ನಷ್ಟ ಆಗುವುದು ಒಂದೇ ಕಡೆ: ಕಡಿಮೆ ಇಷ್ಟದ್ದನ್ನು ಹೆಚ್ಚು ಇಷ್ಟದ್ದಕ್ಕಿಂತ ಮೇಲೆ ಬರೆದಾಗ. ಪಟ್ಟಿಯ ಕ್ರಮ ಮನಸ್ಸಿನ ಕ್ರಮವೇ ಆಗಿರಲಿ, ಸಿಗುತ್ತದೋ ಇಲ್ಲವೋ ಅನ್ನುವ ಲೆಕ್ಕ ಕ್ರಮದೊಳಗೆ ಬರಬಾರದು. ನಿಜವಾದ ಹಂಚಿಕೆಗೆ ಮೊದಲು ಯಾರಿಗೆ ಏನು ಸಿಗಬಹುದು ಅಂತ ತೋರಿಸುವ ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ, ಅದನ್ನು ಬಿಡಬೇಡಿ.

ನಮ್ಮ ಮೂರು ಜಿಲ್ಲೆಯವರು ಒಂದು ವಿಷಯ ಗಮನಿಸಲೇಬೇಕು. ಸಿಂದಗಿ, ಇಂಡಿ ಕಡೆಯವರಿಗೆ ಕಲಬುರಗಿ ಹತ್ತಿರ, 1958ರ ಪಿಡಿಎ ಕಾಲೇಜು ಅಲ್ಲಿದೆ. ಆದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಯಾವುದೂ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಅಲ್ಲಿನ ಮಕ್ಕಳಿಗೆ ಮೀಸಲು. ಕಟಾಫ್ ಪಟ್ಟಿಯಲ್ಲಿ ಅವರದ್ದು ಬೇರೆಯೇ ಇರುತ್ತದೆ. ಅದನ್ನು ನಮ್ಮದು ಅಂದುಕೊಂಡು ಪಿಡಿಎಯನ್ನು ಖಾತ್ರಿಗೆ ಸೇರಿಸಬೇಡಿ.

ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದ್ದು 5 ಪರ್ಸೆಂಟ್. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಲೆಕ್ಕಕ್ಕೆ ಬರುತ್ತದೆ. ಏಳನೇತ್ತದವರೆಗೆ ಹಳ್ಳಿಯಲ್ಲಿ ಓದಿ ಎಂಟನೇತ್ತಕ್ಕೆ ಜಮಖಂಡಿಗೆ ಬಂದವನಿಗೆ ಗ್ರಾಮೀಣ ಸಿಗುವುದಿಲ್ಲ. ಪೂರ್ತಿ ಹತ್ತು ವರ್ಷ ಇದ್ದವರು ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಕೊಳ್ಳಿ, ಅದರಿಂದ ಆಸೆಯ ಕಾಲೇಜೇ ಮಟ್ಟದ ಕಾಲೇಜಾಗಬಹುದು. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಇಲ್ಲದ ಹೆಚ್ಚುವರಿ ಸೀಟುಗಳೂ ಇವೆ, ಅವನ್ನೂ ವಿಚಾರಿಸಿ.

ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಬರೆದವರಿಗೆ ಒಂದೇ ಮಾತು. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೆ. ಧಾರವಾಡದ ಐಐಐಟಿ ನಮಗೆ ಹತ್ತಿರ ಇದ್ದರೂ ಅಲ್ಲಿ ರಾಜ್ಯದ ಕೋಟಾ ಇಲ್ಲ, ದೇಶದ ಎಲ್ಲರ ಜೊತೆ ಪೈಪೋಟಿ.

ಕೊನೆಯದಾಗಿ ಎರಡನೇ ಸುತ್ತು. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದು ಚಾಯ್ಸ್ ಎರಡು. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕರೆ ಹಿಂದಿನ ಸೀಟು ತಾನಾಗಿಯೇ ಹೋಗುತ್ತದೆ, ಮತ್ತೆ ಕೇಳಿದರೂ ಬರುವುದಿಲ್ಲ. ಹಾಗಾಗಿ ಚಾಯ್ಸ್ ಎರಡು ಒತ್ತಿದ ದಿನವೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿ ತೆರೆಯಿರಿ. ಈಗ ಸಿಕ್ಕಿದ್ದಕ್ಕಿಂತ ಮೇಲೆ ಬರೆದ ಒಂದೊಂದು ಹೆಸರನ್ನೂ ಓದಿ, "ಇದು ಸಿಕ್ಕರ ಅದನ್ನ ಬಿಟ್ಟು ಹೋಗ್ತಿಯೇನವ್ವಾ?" ಅಂತ ಕೇಳಿ. ಆಕೆ ತಡವರಿಸಿದ ಹೆಸರನ್ನೆಲ್ಲ ಅಳಿಸಿಬಿಡಿ.