ಕೆಡವುವ ಮೊದಲು ಒಂದು ಫೋಟೊ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಫೋಟೊಗಳನ್ನು ನೋಡುತ್ತಾ ಕೂತಿದ್ದೆ. 2011ರ ಫೆಬ್ರುವರಿ 22ರ ಭೂಕಂಪದಲ್ಲಿ ಅಲ್ಲಿ 185 ಜನ ಸತ್ತರು. ಅವರಲ್ಲಿ 115 ಮಂದಿ ಸಿಟಿವಿ ಅನ್ನುವ ಒಂದೇ ಕಟ್ಟಡದಲ್ಲಿ. ಬಿರುಕು ಬಿಟ್ಟ ನೂರಾರು ಕಟ್ಟಡಗಳನ್ನು ಆಮೇಲೆ ಕೆಡವಬೇಕಾಯಿತು. ಊರಿನವರು ಬೇಲಿಯ ಹೊರಗೆ ನಿಂತು ಅವುಗಳ ಫೋಟೊ ತೆಗೆದಿಟ್ಟಿದ್ದಾರೆ. ನೋಡಿ ಹೊಟ್ಟೆ ಚುರುಕ್ ಅಂತು.

ನಮ್ಮ ಬೆಂಗಳೂರಲ್ಲಿ ಭೂಮಿ ನಡುಗಲೇಬೇಕಿಲ್ಲ ಅಲ್ವಾ? ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿ ಗಟ್ಟಿಮುಟ್ಟಾದ ಮನೆಗಳೇ ಹೋಗುತ್ತಿವೆ. ಮಂಕಿ ಟಾಪ್ (ಕಿಟಕಿ, ಜಗುಲಿ ಮೇಲಿನ ಮೊನಚಾದ ಮರದ ಮಾಡು), ರೆಡ್ ಆಕ್ಸೈಡ್ ನೆಲ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ), ಎಲ್ಲವೂ ಜೆಸಿಬಿ ಪಾಲು. ಕೆಡವಬೇಡಿ ಅನ್ನಲು ನಾನ್ಯಾರು? ಮನೆ ಅವರದು, ಕಷ್ಟವೂ ಅವರದೇ. ಆದರೆ ನಿಮ್ಮ ಬೀದಿಯಲ್ಲಿ ಹಳೇ ಮನೆ ಖಾಲಿಯಾಗುತ್ತಿದ್ದರೆ, ಮನೆಯವರನ್ನು ಕೇಳಿ ಒಳಗೂ ಹೊರಗೂ ಫೋಟೊ ತೆಗೆಯಿರಿ. ಬೀದಿ, ತಾರೀಖು ಬರೆದು ನನಗೆ ಕಳಿಸಿ. ಜೋಡಿಸಿಡುತ್ತೇನೆ.