20 ವರ್ಷ ಲಾರಿ ಓಡಿಸಿದವನಿಗೆ ಮತ್ತೆ ಟ್ರೈನಿಂಗ್ ಯಾಕೆ?

ಜರ್ಮನಿಗೆ ಲಾರಿ ಓಡಿಸಲು ಬರಬೇಕು ಅಂತ ಊರಿಂದ ಫೋನ್ ಮಾಡುವ ಡ್ರೈವರ್‌ಗಳು ಮೊದಲು ಸಂಬಳ ಎಷ್ಟು ಅಂತ ಕೇಳುತ್ತಾರೆ. ಆಮೇಲೆ ತಪ್ಪದೆ ಬರುವ ಪ್ರಶ್ನೆ ಇದು: "ಅಣ್ಣಾ, 20 ವರ್ಷದಿಂದ ಲಾರಿ ಓಡಿಸ್ತಾ ಇದ್ದೀನಿ. ಜಡಿಮಳೆಯಲ್ಲಿ ಶಿರಾಡಿ ಘಾಟಿ ಇಳಿಸಿದವನು ನಾನು. ನನಗೆ ಅವರೇನು ಕ್ಲಾಸ್ ತಗೊಳ್ಳೋದು?"

ನಾನು ಜರ್ಮನಿಯಲ್ಲಿ ಟ್ರೇಲರ್ ಓಡಿಸುತ್ತೇನೆ. ಅದಕ್ಕೂ ಮುಂಚೆ ಮಂಗಳೂರು-ಬೆಂಗಳೂರು ಲೈನಿನಲ್ಲಿ ಇದ್ದವನು, ಹಾಗಾಗಿ ಈ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಉತ್ತರ ಒಂದೇ. ಬೇಕು, ಖಂಡಿತ ಬೇಕು. ಸ್ಟಿಯರಿಂಗ್ ಹಿಡಿಯೋದನ್ನು ಅಲ್ಲಿ ಯಾರೂ ಕಲಿಸುವುದಿಲ್ಲ. ಏನೇನಕ್ಕೆಲ್ಲ ಡ್ರೈವರ್ ಜವಾಬ್ದಾರ ಅನ್ನೋದನ್ನು ಕಲಿಸುತ್ತಾರೆ. ಅದು ನಮ್ಮ ರಸ್ತೆಯ ಅನುಭವದಿಂದ ಬರುವಂಥದ್ದಲ್ಲ.

ಮೊದಲು ನಿಯಮ ಹೇಳಿಬಿಡುತ್ತೇನೆ. ಯುರೋಪಿಯನ್ ಯೂನಿಯನ್ 2003ರಲ್ಲಿ ಮಾಡಿದ ಕಾನೂನು ಇದು, ಲಾರಿಯವರಿಗೆ 2009ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಬಾಡಿಗೆ ಲಾರಿ ಓಡಿಸಲು ಲೈಸೆನ್ಸ್ ಒಂದೇ ಸಾಲದು. ಜರ್ಮನಿಯಲ್ಲಿ ಹೊಸಬರಿಗಿರುವ ಒಂದು ದಾರಿ ಅಂದರೆ 140 ಗಂಟೆ ಕ್ಲಾಸು, ಕೊನೆಗೆ 90 ನಿಮಿಷದ ಪರೀಕ್ಷೆ. ಅದಾದ ಮೇಲೆ ಪ್ರತಿ 5 ವರ್ಷಕ್ಕೆ 35 ಗಂಟೆ ತರಬೇತಿ, ಅಂದರೆ ದಿನಕ್ಕೆ 7 ಗಂಟೆಯಂತೆ 5 ದಿನ. ಎಲ್ಲರ ಬಾಯಲ್ಲೂ ಇರುವ "ಕೋಡ್ 95" ಅಂದರೆ ಈ ತರಬೇತಿ ಆಗಿದೆ ಅನ್ನುವ ಗುರುತು. ಇನ್ನು ನಮ್ಮ ಭಾರತದ ಲೈಸೆನ್ಸ್, ಇಲ್ಲಿ ಬಂದು ನೆಲೆಸಿದ ಮೇಲೆ 6 ತಿಂಗಳು ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಹೊಸದಾಗಿ ಪಾಸಾಗಬೇಕು.

ನಮ್ಮನ್ನು ಕೀಳಾಗಿ ನೋಡಿ ಮಾಡಿದ ನಿಯಮ ಅಂತ ಕೆಲವರು ಅಂದುಕೊಂಡಿದ್ದಾರೆ. ಅಲ್ಲ. 2009ಕ್ಕಿಂತ ಮುಂಚೆ ಲೈಸೆನ್ಸ್ ಮಾಡಿಸಿದ ಇಲ್ಲಿನವರಿಗೆ ಮೊದಲ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು, ಆದರೆ 35 ಗಂಟೆಯಿಂದ ಸಿಗಲಿಲ್ಲ. ತಲೆ ನರೆತ ಜರ್ಮನ್ ಡ್ರೈವರ್‌ಗಳೂ ಅದೇ ಬೆಂಚಿನಲ್ಲಿ ಕೂರುತ್ತಾರೆ. ಅಷ್ಟಕ್ಕೂ ನಮ್ಮಲ್ಲೇನು ಇಲ್ಲವೇ ಇಲ್ಲವಾ? ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸುವವರು ಎಷ್ಟೇ ಹಳಬರಾದರೂ 3 ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಅದನ್ನು ಬರೆಸಿಕೊಳ್ಳಬೇಕು. ಅದನ್ನು ಯಾರೂ ಅವಮಾನ ಅಂದುಕೊಂಡಿಲ್ಲ.

ಈಗ ಲೋಡ್ ಕಟ್ಟುವ ವಿಷಯಕ್ಕೆ ಬರೋಣ. ಊರಲ್ಲಿ ಹಮಾಲಿಗಳು ಲೋಡ್ ಮಾಡುತ್ತಾರೆ, ಕ್ಲೀನರ್ ಹಗ್ಗ ಬಿಗಿಯುತ್ತಾನೆ, ತಾಡಪಾಲು ಎಳೆದು ಹೊರಟರೆ ಆಯ್ತು. ಇಲ್ಲಿ ಕ್ಲೀನರ್ ಇಲ್ಲ. ಹಗ್ಗದ ಬದಲು ಬೆಲ್ಟ್ ಇದೆ, ಅದಕ್ಕೆ ಒಂದು ಸಣ್ಣ ನೀಲಿ ಚೀಟಿ ಹೊಲಿದಿರುತ್ತದೆ. ಅದರ ಮೇಲೆ 2500 ಅಂತ ಬರೆದಿದ್ದರೆ ಒಂದೊಂದು ಬೆಲ್ಟೂ ಎರಡೂವರೆ ಟನ್ ಹಿಡಿದಿಡುತ್ತದೆ ಅಂತ ಹೊಸಬರು ಲೆಕ್ಕ ಹಾಕುತ್ತಾರೆ. ಹಾಗಲ್ಲ. ಅದು ನೇರ ಎಳೆದಾಗ ಬೆಲ್ಟ್ ತಡೆಯುವ ಬಲ. ಲೋಡಿನ ಮೇಲಿಂದ ಹಾಕಿ ಕೈಯಲ್ಲಿ ಬಿಗಿದಾಗ ಸಿಗುವ ಬಿಗಿತ ಅದೇ ಚೀಟಿಯಲ್ಲಿ ಬೇರೆ ಕಡೆ ಬರೆದಿರುತ್ತದೆ, ಸಾಮಾನ್ಯ ಬೆಲ್ಟಿನಲ್ಲಿ ಅದು 300ರ ಆಸುಪಾಸು. ಗಟ್ಟಿ ಬ್ರೇಕ್ ಹಾಕಿದರೆ ಲೋಡಿನ ತೂಕದ ಶೇಕಡ 80ರಷ್ಟು ಬಲ ಮುಂದಕ್ಕೆ ನುಗ್ಗುತ್ತದೆ ಅಂತ ಲೆಕ್ಕ. 10 ಟನ್ ಲೋಡಿದ್ದರೆ 8 ಟನ್ ಬಲವನ್ನು ತಡೆಯಬೇಕು. ಎಷ್ಟು ಬೆಲ್ಟ್, ಯಾವ ಕೋನ, ಕೆಳಗೆ ಜಾರದ ಹಾಗೆ ರಬ್ಬರ್ ಮ್ಯಾಟ್ ಹಾಕಿದರೆ ಎಷ್ಟು ಕಮ್ಮಿ ಸಾಕು, ಇದೆಲ್ಲ ಕ್ಲಾಸಿನಲ್ಲಿ ಕೂತು ಪೆನ್ನು ಹಿಡಿದು ಮಾಡಬೇಕಾದ ಲೆಕ್ಕ. ಚೀಟಿ ಹರಿದು ಓದಲು ಬಾರದಂತಾಗಿದ್ದರೆ ಆ ಬೆಲ್ಟ್ ಎಷ್ಟೇ ಗಟ್ಟಿಯಿದ್ದರೂ ಬಳಸುವಂತಿಲ್ಲ. ಲೋಡ್ ಮಾಡಿಸಿದವರೂ ಜವಾಬ್ದಾರರೇ, ನಿಜ. ಆದರೆ ಪೊಲೀಸರು ರಸ್ತೆ ಬದಿಗೆ ನಿಲ್ಲಿಸಿದಾಗ ಅವರು ಅಲ್ಲಿ ಇರುವುದಿಲ್ಲ.

ಎರಡನೆಯದು ಗಂಟೆಗಳ ಲೆಕ್ಕ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು. ಬೇಕಿದ್ದರೆ ಮೊದಲು 15, ಆಮೇಲೆ 30 ಅಂತ ಒಡೆಯಬಹುದು, ಉಲ್ಟಾ ಮಾಡಿದರೆ ಲೆಕ್ಕಕ್ಕಿಲ್ಲ. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಎರಡು ವಾರ ಸೇರಿ 90 ದಾಟುವಂತಿಲ್ಲ. ಎಲ್ಲವನ್ನೂ ಗಾಡಿಯಲ್ಲೇ ಇರುವ ಟ್ಯಾಕೋಗ್ರಾಫ್ ಅನ್ನೋ ಯಂತ್ರ ಬರೆದಿಟ್ಟುಕೊಳ್ಳುತ್ತದೆ, ತಪಾಸಣೆಯಲ್ಲಿ ಹಿಂದಿನ 56 ದಿನದ್ದನ್ನೂ ತೋರಿಸಬೇಕು. ನಮ್ಮಲ್ಲೂ 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾನೂನು ಬಂದಿತ್ತು. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಅಂತ ಅದರಲ್ಲಿತ್ತು. ಲೈನ್ ಮೇಲೆ ಆ ಮಾತು ಕೇಳಿದ ಡ್ರೈವರ್ ಎಷ್ಟು ಜನ ಇದ್ದಾರೆ? ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಲೋಡ್ ಮುಟ್ಟಿಸಿದವನಿಗೇ ನಮ್ಮಲ್ಲಿ ಶಹಬ್ಬಾಸ್. ಇಲ್ಲಿ ಅದು ಅಪರಾಧ.

ಕೆನಡಾದ ಹಂಬೋಲ್ಟ್ ಅಪಘಾತ ನೆನಪಿರಬಹುದು. 2018ರ ಏಪ್ರಿಲ್ 6ರಂದು ಹಾಕಿ ಆಟಗಾರರ ಬಸ್ಸಿಗೂ ಲಾರಿಗೂ ಡಿಕ್ಕಿಯಾಗಿ 16 ಜನ ಸತ್ತರು, 13 ಜನ ಗಾಯಗೊಂಡರು. ಲಾರಿ ಡ್ರೈವರ್ ಭಾರತದಿಂದ ಹೋದ ಹುಡುಗ, ಎರಡು ವಾರದ ತರಬೇತಿಯಲ್ಲಿ ಕೆಲಸಕ್ಕೆ ಇಳಿದಿದ್ದ. ಹಿಂದೆ ಪಟಪಟ ಹೊಡೆಯುತ್ತಿದ್ದ ತಾಡಪಾಲಿನ ಕಡೆ ಗಮನ ಹೋಗಿ ಸ್ಟಾಪ್ ಬೋರ್ಡ್ ದಾಟಿಬಿಟ್ಟ ಅಂತ ಕೋರ್ಟಿನಲ್ಲಿ ಹೇಳಲಾಯಿತು. ಅಪಘಾತಕ್ಕೆ ಮುಂಚಿನ 11 ದಿನದ ಲಾಗ್ ಪುಸ್ತಕದಲ್ಲಿ, ಅಂದರೆ ಓಡಿಸಿದ, ನಿಲ್ಲಿಸಿದ ಗಂಟೆ ಬರೆದಿಡುವ ಪುಸ್ತಕದಲ್ಲಿ, ನಿಯಮದ 70 ಉಲ್ಲಂಘನೆ ಸಿಕ್ಕವು. 8 ವರ್ಷ ಜೈಲು ಶಿಕ್ಷೆಯಾಯಿತು. ಅವನು ಹೊಸಬ, ನಾನು ಹಳಬ ಅಂತ ನೀವು ಹೇಳಬಹುದು. ಲಾಗ್ ಬರೆಯೋದು, ಲೋಡ್ ನೋಡಿಕೊಳ್ಳೋದು, ಸಾಕಾದಾಗ ಓನರ್‌ಗೆ "ಆಗಲ್ಲ, ಗಾಡಿ ನಿಲ್ಲಿಸ್ತೀನಿ" ಅನ್ನೋದು, ಇದನ್ನೆಲ್ಲ ನಮ್ಮ ಲೈನಿನಲ್ಲಿ ಹಳಬರಿಗೂ ಯಾರೂ ಕಲಿಸಿಲ್ಲ.

ಹಾಗಂತ ಇಲ್ಲಿನ ಕ್ಲಾಸೆಲ್ಲ ಚೆನ್ನಾಗಿದೆ ಅಂತ ನಾನು ಹೇಳಲ್ಲ. 35 ಗಂಟೆಯ ಕೊನೆಗೆ ಪರೀಕ್ಷೆ ಇಲ್ಲ. ಕೂತರೆ ಸಾಕು, ಸರ್ಟಿಫಿಕೇಟ್ ಸಿಗುತ್ತದೆ. ಕೆಲವು ಕಡೆ ಪರದೆ ಮೇಲಿರುವುದನ್ನೇ ಓದಿ ಮುಗಿಸುತ್ತಾರೆ, ಭಾಷೆ ಬಾರದವನು ಸುಮ್ನೆ ಗಡಿಯಾರ ನೋಡುತ್ತಾ ಕೂತಿರುತ್ತಾನೆ. ವಾರವಿಡೀ ಮನೆ ಬಿಟ್ಟಿದ್ದವನ ಶನಿವಾರವೂ ಇದಕ್ಕೇ ಹೋಗುತ್ತದೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಗಾಡಿ ಪಕ್ಕದಲ್ಲಿ ಸೈಕಲ್ ನಿಲ್ಲಿಸಿ ಡ್ರೈವರನ್ನು ಸೀಟಿನಲ್ಲಿ ಕೂರಿಸಿ, ಯಾವ ಕನ್ನಡಿಯಲ್ಲಿ ಕಾಣುತ್ತದೆ ಹೇಳು ಅಂತ ಕೇಳುವ ತರಬೇತಿ ಇದೆಯಲ್ಲ, ಅಂಥದ್ದು ಜಾಸ್ತಿ ಬೇಕು. ಬಲಕ್ಕೆ ತಿರುಗುವಾಗ ಸೈಕಲ್ಲಿನವರು ಕಾಣದೆ ಸಾಯುವುದು ಇಲ್ಲಿ ಇವತ್ತಿಗೂ ನಿಂತಿಲ್ಲ.

ಇನ್ನೊಂದು ಮಾತು, ಏಜೆಂಟರ ಬಗ್ಗೆ. "ಲೈಸೆನ್ಸ್ ಇದ್ದರೆ ಸಾಕು, ಇಳಿದ ದಿನವೇ ಗಾಡಿ" ಅಂತ ಹೇಳುವವರನ್ನು ನಂಬಬೇಡಿ. ನೋಂದಾಯಿತ ಏಜೆಂಟರು ಸರ್ವಿಸ್ ಚಾರ್ಜ್ ಅಂತ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಸಹಿ ಹಾಕುವ ಮುಂಚೆ ಮೂರು ವಿಷಯ ಬರಹದಲ್ಲಿ ಕೇಳಿ: ಲೈಸೆನ್ಸ್ ಮತ್ತು ಕೋಡ್ 95ರ ಖರ್ಚು ಯಾರದ್ದು, ಪರೀಕ್ಷೆ ಯಾವ ಭಾಷೆಯಲ್ಲಿ, ಕ್ಲಾಸಿಗೆ ಹೋಗುವ ದಿನಗಳಲ್ಲಿ ಸಂಬಳ ಉಂಟಾ ಇಲ್ವಾ.